ಚಾಲಕರಹಿತ ವಾಹನ ಮತ್ತು ರಾಡಾರ್ ಬಿಂಬದ ಅರ್ಥಗ್ರಹಣ

1904ರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಹ್ಯುಲ್ಸ್‌ಮೇಯರ್ ಎಂಬವನು ಹಡಗುಗಳ ಘರ್ಷಣೆಯನ್ನು ತಪ್ಪಿಸಲೆಂದು ರೇಡಿಯೊ ಪ್ರತಿಫಲನದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದನಷ್ಟೆ; ಅದೇ ತತ್ತ್ವವು ಇಂದು ಚಾಲಕರಹಿತ ವಾಹನಕ್ಕೆ, ಮಂಜು ಮಳೆ ಕತ್ತಲೆಗಳಲ್ಲಿ ಕ್ಯಾಮೆರಾ ನಿಷ್ಪ್ರಯೋಜಕವಾಗುವಾಗಲೂ ಹೆಚ್ಚು ಕುಂದದ ಇಂದ್ರಿಯವಾಗಿ ಪರಿಣಮಿಸಿದೆ.

ವಾಹನದ ಈ ರಾಡಾರಿನ ಆವೃತ್ತಿ 76ರಿಂದ 81 ಗಿಗಾಹರ್ಟ್ಸ್. ತರಂಗದೂರ ಸುಮಾರು 4 ಮಿಲಿಮೀಟರ್. ಆವೃತ್ತಿಯನ್ನು ಏಕರೀತಿಯಾಗಿ ಏರಿಸುತ್ತ ಕಳುಹಿದ ತರಂಗಕ್ಕೂ ಮರಳಿ ಬಂದುದಕ್ಕೂ ಇರುವ ಆವೃತ್ತಿಯ ಅಂತರದಿಂದ ದೂರವನ್ನೂ, 1842ರಲ್ಲಿ ಪ್ರತಿಪಾದಿತವಾದ ಡಾಪ್ಲರ್ ಪರಿಣಾಮದಿಂದ ಸಾಪೇಕ್ಷ ವೇಗವನ್ನೂ, ಆಂಟೆನಾಗಳ ಸಾಲಿನಲ್ಲಿ ತೋರುವ ಕಲಾವ್ಯತ್ಯಾಸದಿಂದ ದಿಕ್ಕನ್ನೂ ಗಣಿಸಲಾಗುವುದು. 4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಿದರೆ ದೂರದ ವಿಭೇದನ ಸುಮಾರು 3.75 ಸೆಂಟಿಮೀಟರ್.

ದೂರವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವ ಈ ಸಾಧನವು ದಿಕ್ಕಿನ ವಿಷಯದಲ್ಲಿ ಮಾತ್ರ ಒರಟು. ನಿಜವಾದ ತೊಡಕು ಇರುವುದು ಇಲ್ಲಿಯೇ. ರಸ್ತೆಯ ಮೇಲಿನ ಲೋಹದ ಸೇತುವೆಯು ಎದುರಿಗೆ ನಿಂತ ವಾಹನದಂತೆ ಭಾಸವಾಗುವುದೂ, ತಡೆಗೋಡೆಗೆ ತಾಗಿ ಪುಟಿದ ತರಂಗವು ಇಲ್ಲದ ಕಾರನ್ನು ಇದ್ದಂತೆ ತೋರುವುದೂ, ಪಾದಚಾರಿಯ ಕ್ಷೀಣ ಪ್ರತಿಫಲನವು ಪಕ್ಕದ ಲಾರಿಯ ಪ್ರಬಲ ಪ್ರತಿಫಲನದಲ್ಲಿ ಅಡಗಿಹೋಗುವುದೂ ಸಾಮಾನ್ಯ. ನಡೆಯುವವನ ಕೈಕಾಲುಗಳ ಬೀಸಿನಿಂದ ಹುಟ್ಟುವ ಸೂಕ್ಷ್ಮ ಡಾಪ್ಲರ್ ಚಿಹ್ನೆಯು ಅವನನ್ನು ಕಂಬದಿಂದ ಬೇರ್ಪಡಿಸಬಲ್ಲುದು. ಎತ್ತರವನ್ನೂ ಅಳೆಯುವ ‘4ಡಿ’ ರಾಡಾರ್ ಸೇತುವೆಯ ಭ್ರಮೆಯನ್ನು ಬಹುಮಟ್ಟಿಗೆ ನಿವಾರಿಸುವುದು. ಉಳಿದ ವಿವೇಚನೆಯನ್ನು ಈಗ ಕೃತಕ ನರಜಾಲಗಳಿಗೆ ಕಲಿಸುತ್ತಿದ್ದಾರೆ.

ರಾಡಾರಿನೊಡನೆ ಆಗಾಗ ಬೆರೆಸಲಾಗುವ ಲೈಡಾರ್ ಲೇಸರ್ ಬೆಳಕನ್ನು ಅವಲಂಬಿಸಿದುದು. ಇಂಥ ನರಜಾಲಗಳ ಕಲಿಕೆಗೆ ಬಳಸುವ, ಬಾಸ್ಟನ್ ಮತ್ತು ಸಿಂಗಾಪುರಗಳ 1000 ದೃಶ್ಯಗಳುಳ್ಳ ‘ನುಸೀನ್ಸ್’ ದತ್ತಸಂಗ್ರಹದ ವಾಹನದಲ್ಲಿ ಎರಡೂ ಇದ್ದು, ಒಟ್ಟು 6 ಕ್ಯಾಮೆರಾ, 5 ರಾಡಾರ್, 1 ಲೈಡಾರ್ ಇದ್ದುವು.