ಮಗ್ಗದ ಮೇಲಿನ ಜಕಾರ್ಡು, ಜಾಲತಾಣದ ಪ್ಲಗಿನ್ನು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದಾಡಿದವರಿಗೆ ಮಗ್ಗದ ಸದ್ದು ಹೊಸದಲ್ಲ. ಒಳಹೊಕ್ಕು ನೋಡಿದರೆ ಕೆಲವು ಮಗ್ಗಗಳ ನೆತ್ತಿಯ ಮೇಲೆ ತೂತುಗಳುಳ್ಳ ರಟ್ಟಿನ ಪಟ್ಟಿಗಳ ಮಾಲೆಯೊಂದು ಸುತ್ತುತ್ತಿರುವುದು ಕಾಣುತ್ತದೆ. ಅದೇ ಜಕಾರ್ಡು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಸಾಧನವಿದು. ರಟ್ಟಿನಲ್ಲಿ ತೂತಿದ್ದೆಡೆ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದೆಡೆ ಎಳೆ ಕೆಳಗೇ ಉಳಿಯುತ್ತದೆ. ರಟ್ಟಿನ ಮಾಲೆಯನ್ನು ಬದಲಿಸಿದರೆ ಬಟ್ಟೆಯ ಚಿತ್ತಾರವೇ ಬದಲಾಗುತ್ತದೆ. ಮಗ್ಗ ಮಾತ್ರ ಅದೇ.

ಜಾಲತಾಣಕ್ಕೂ ಇಂಥ ಜೋಡಣೆಗಳುಂಟು. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಎಂಬ ತಂತ್ರಾಂಶವು ಜಾಲತಾಣಗಳನ್ನು ನಡೆಸುವ ಮಗ್ಗವೆನ್ನಬಹುದು. 2004ರಲ್ಲಿ ಅದಕ್ಕೆ ಪ್ಲಗಿನ್ನುಗಳನ್ನು ಜೋಡಿಸುವ ಅನುಕೂಲ ಒದಗಿತು. ಚಿತ್ರಗಳ ಗಾತ್ರವನ್ನು ಕುಗ್ಗಿಸಲು ಒಂದು, ಕಸದಂಥ ಪ್ರತಿಕ್ರಿಯೆಗಳನ್ನು ತಡೆಯಲು ಒಂದು, ಬರೆದುದರ ನಕಲು ತೆಗೆದಿಡಲು ಮತ್ತೊಂದು. ಅವು ಮೂಲ ತಂತ್ರಾಂಶಕ್ಕೆ ಅಂಟಿಕೊಳ್ಳುವ ತಾಣಗಳನ್ನು ತಂತ್ರಜ್ಞರು ‘ಕೊಕ್ಕೆ’ಗಳೆಂದೇ ಕರೆಯುತ್ತಾರೆ. ನೇಕಾರರ ಮಕ್ಕಳಿಗೆ ಈ ಮಾತು ಕೇಳಿ ನಗೆ ಬಂದೀತು.

ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಒಂದು ಜಾಲತಾಣವನ್ನು ತೆರೆದು, ಅದರ ಮೇಲ್ವಿಚಾರಣೆಯನ್ನು ನನಗೆ ಒಪ್ಪಿಸಿದ್ದರು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿಹೋದ ಬೀಳಗಿ ತಾಲ್ಲೂಕಿನ ಹಳ್ಳಿಗಳ ಚಿತ್ರಗಳು ಅದರಲ್ಲಿದ್ದವು. ಅಗಸೆಬಾಗಿಲು, ಹನುಮಪ್ಪನ ಗುಡಿಯ ಕಟ್ಟೆ, ಬಾವಿಯ ಗಡಗಡಿ. ಅನೇಕ ಚಿತ್ರಗಳ ಮೂಲಪ್ರತಿಗಳು ಕಳುಹಿಸಿದವರ ಬಳಿಯೂ ಉಳಿದಿರಲಿಲ್ಲ. ನಾನಾದರೋ ಹೊಸ ಆಟಿಕೆ ಕಂಡ ಮಗುವಿನಂತೆ 23 ಪ್ಲಗಿನ್ನುಗಳನ್ನು ಜೋಡಿಸಿಬಿಟ್ಟಿದ್ದೆ. ಒಂದು ಸಂಜೆ ಅವೆಲ್ಲವನ್ನೂ ಹೊಸ ಆವೃತ್ತಿಗೆ ಬದಲಿಸುವ ಗುಂಡಿಯನ್ನು ಒತ್ತಿದೆ. ಪರದೆ ಬೆಳ್ಳಗಾಯಿತು. ಹಳ್ಳಿಗಳು ಎರಡನೆಯ ಸಲ ಮುಳುಗಿದವೆಂದೇ ನನಗೆ ತೋರಿತು.

ಬನಹಟ್ಟಿಯಿಂದ ಬಂದ ಶಿಷ್ಯನೊಬ್ಬ, “ಗುರುಗಳ, ಅಂಜಬ್ಯಾಡ್ರಿ. ಮಗ್ಗ ಕೆಟ್ಟಿಲ್ಲ, ಮ್ಯಾಲಿಂದು ಯಾವುದೋ ಕೆಟ್ಟೈತಿ” ಎಂದನು. ಪ್ಲಗಿನ್ನುಗಳಿದ್ದ ಕಡತಕೋಶದ ಹೆಸರನ್ನು ಬದಲಿಸಿದೊಡನೆ ಅವೆಲ್ಲ ಕಳಚಿಕೊಂಡವು. ಚಿತ್ರಗಳು ಮತ್ತೆ ಕಂಡವು! ಬಳಿಕ ಒಂದೊಂದನ್ನೇ ಜೋಡಿಸುತ್ತ, ಪ್ರತಿ ಸಲವೂ ತಾಣವನ್ನು ತೆರೆದು ನೋಡುತ್ತ ಹೋದನು. ಅಂಚಿನಲ್ಲಿ ತಪ್ಪು ಹೂವು ಬಿದ್ದಾಗ ಅವನ ತಂದೆ ರಟ್ಟುಗಳನ್ನು ಹೀಗೆಯೇ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಹದಿನಾಲ್ಕನೆಯದರಲ್ಲಿ ಪರದೆ ಪುನಃ ಬೆಳ್ಳಗಾಯಿತು. ಅದನ್ನು ರಚಿಸಿದವರು ನಾಲ್ಕು ವರ್ಷಗಳಿಂದ ಅದರತ್ತ ತಿರುಗಿ ನೋಡಿರಲಿಲ್ಲ.

ಆ ರಾತ್ರಿ ಇನ್ನೊಂದು ಸಂಗತಿಯೂ ತಿಳಿಯಿತು. ನಕಲು ತೆಗೆಯುವ ಪ್ಲಗಿನ್ನು ತನ್ನ ಕೆಲಸವನ್ನು ದಿನವೂ ತಪ್ಪದೆ ಮಾಡಿತ್ತು. ಆದರೆ ಜಾಲತಾಣವಿದ್ದ ಗಣಕಯಂತ್ರದಲ್ಲಿಯೇ ಆ ನಕಲುಗಳನ್ನೂ ಇಟ್ಟಿತ್ತು. ಅದನ್ನು ಹಾಗೆ ಇಡಗೊಟ್ಟವನು ನಾನೇ. ಬಿತ್ತನೆಯ ಬೀಜವನ್ನೂ ಉಣ್ಣುವ ಜೋಳದ ಹಗೆಯಲ್ಲಿಯೇ ಹಾಕಿಟ್ಟಂತಾಗಿತ್ತು.

ಈಗ ಅಲ್ಲಿ ಏಳು ಪ್ಲಗಿನ್ನುಗಳಿವೆ. ವಾರಕ್ಕೊಮ್ಮೆ ತೆಗೆದ ನಕಲಿನ ಒಂದು ಪ್ರತಿ ಜಮಖಂಡಿಯ ನನ್ನ ಮನೆಯಲ್ಲಿಯೂ, ಇನ್ನೊಂದು ಮುಧೋಳದ ಶಿಷ್ಯೆಯೊಬ್ಬಳ ಬಳಿಯೂ ಇರುತ್ತದೆ. ಆಕೆ ತಿಂಗಳಿಗೊಮ್ಮೆ ಅದನ್ನು ತೆರೆದು, ಅಗಸೆಬಾಗಿಲಿನ ಚಿತ್ರ ಇದೆಯೇ ಎಂದು ನೋಡಿ ನನಗೆ ತಿಳಿಸುತ್ತಾಳೆ.