ಗಾಯದ ಕಲೆ ಅಳಿಯುವುದೆ?

ನಿಪ್ಪಾಣಿಯ ಯಾವುದಾದರೊಂದು ಓಣಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತರೆ ಬಗೆಬಗೆಯ ಗಾಯದ ಕಲೆಗಳು ನಮ್ಮ ಕಣ್ಣಿಗೆ ಬೀಳುವುವು. ವಯಸ್ಸಾದ ಕೆಲವರ ಮುಖದ ಮೇಲೆ ಸಿಡುಬಿನ ಕುಳಿಗಳಿರುವುವು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ರೋಗ ಹೋಯಿತು, ಗುರುತು ಉಳಿಯಿತು. ಕಬ್ಬು ಕಡಿಯುವವರ ಕಾಲಿನ ಮೇಲೆ ಕೊಯ್ತದ ಗೆರೆ, ಬೀಡಿ ಕಟ್ಟುವವರ ಬೆರಳಿನ ಮೇಲೆ ಕತ್ತರಿಯ ಗುರುತು, ಕಾಲೇಜಿಗೆ ಹೊರಟ ತರುಣರ ಕೆನ್ನೆಯಲ್ಲಿ ಮೊಡವೆಯ ಹಳ್ಳ. ವಾಚಕರು ತಮ್ಮ ಎಡತೋಳನ್ನೇ ನೋಡಿಕೊಳ್ಳಲಿ. ಕ್ಷಯದ ವಿರುದ್ಧ ಎಳವೆಯಲ್ಲಿ ಹಾಕಿದ ಬಿ.ಸಿ.ಜಿ. ಲಸಿಕೆಯ ದುಂಡು ಕಲೆ ಅಲ್ಲಿರಬಹುದು. ಇಂಥ ಕಲೆಗಳನ್ನು ಅಳಿಸುವೆವೆನ್ನುವ ಮುಲಾಮುಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ. ಅವುಗಳಿಗೆ ಹಣ ತೆರುವ ಮೊದಲು ಕಲೆಯೆಂದರೇನೆಂಬುದನ್ನು ವಿಚಾರಿಸೋಣ.

ಹೊರಚರ್ಮ ಮಾತ್ರ ತರಚಿದರೆ ಕಲೆ ಉಳಿಯುವುದಿಲ್ಲ. ಗಾಯವು ಒಳಚರ್ಮದ ಆಳಕ್ಕೆ ಇಳಿದಾಗ ಮಾತ್ರ ದೇಹವು ಅವಸರದ ದುರಸ್ತಿಗೆ ತೊಡಗುವುದು. ರಕ್ತ ಹೆಪ್ಪುಗಟ್ಟಿದ ಮೇಲೆ ತಂತುಕೋಶಗಳು ಅಲ್ಲಿಗೆ ಬಂದು ಕೊಲಾಜನ್ ಎಂಬ ಸಸಾರಜನಕದ ಎಳೆಗಳನ್ನು ಹಾಸುವುವು. ಆರೋಗ್ಯದ ಚರ್ಮದಲ್ಲಿ ಈ ಎಳೆಗಳು ಬುಟ್ಟಿಯ ಹೆಣಿಗೆಯಂತೆ ಎಲ್ಲ ದಿಕ್ಕಿಗೂ ಹೊಕ್ಕು ಹೊರಟಿರುವುವು. ಕಲೆಯಲ್ಲಾದರೋ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುವುವು. ಹರಿದ ಕಂಬಳಿಗೆ ಸಿಕ್ಕಿದ ದಾರದಿಂದ ಹಾಕಿದ ಹೊಲಿಗೆಯಂತೆ ಇದು: ತೂತು ಮುಚ್ಚಿತು, ನೇಯ್ಗೆ ಕೂಡಲಿಲ್ಲ. ಅಲ್ಲಿ ಕೂದಲು ಹುಟ್ಟದು, ಬೆವರು ಬಾರದು. ಎಷ್ಟೇ ಕಾಲ ಕಳೆದರೂ ಕಲೆಯ ಬಲವು ಮೊದಲಿನ ಚರ್ಮದ ಬಲದ ಸುಮಾರು 80 ಪಾಲನ್ನು ದಾಟುವುದಿಲ್ಲ.

ಹಾಗೆಂದು ಕಲೆಯನ್ನು ಸತ್ತ ಮುದ್ರೆಯೆಂದು ಭಾವಿಸಬಾರದು. 1740ರಲ್ಲಿ ಜಾರ್ಜ್ ಆನ್ಸನ್ ಎಂಬ ಆಂಗ್ಲ ನೌಕಾಧಿಪತಿ ಹೊರಟ ಭೂಪ್ರದಕ್ಷಿಣೆಯಲ್ಲಿ ನಾವಿಕರಿಗೆ ಸ್ಕರ್ವಿ ರೋಗ ಹಿಡಿಯಿತು. ಅವರಲ್ಲೊಬ್ಬನು ಸುಮಾರು 50 ವರ್ಷಗಳ ಹಿಂದೆ, 1690ರ ಬಾಯ್ನ್ ಕದನದಲ್ಲಿ, ಗಾಯಗೊಂಡವನು. ಎಂದೋ ಮಾಯ್ದ ಆ ಗಾಯಗಳು ಮತ್ತೆ ಬಾಯಿಬಿಟ್ಟವು! ಕಾರಣ ಇಷ್ಟೆ: ಕಲೆಯೊಳಗೆ ಕೊಲಾಜನ್ ಕರಗುವುದೂ ಹೊಸದಾಗಿ ಕಟ್ಟುವುದೂ ಜೀವಮಾನವೆಲ್ಲ ನಡೆದಿರುತ್ತದೆ. ಕಟ್ಟುವ ಕೆಲಸಕ್ಕೆ ಸಿ ಜೀವಸತ್ತ್ವ ಬೇಕು. ಅದು ಸಿಗದಿದ್ದಾಗ ಕರಗುವುದೊಂದೇ ಉಳಿಯಿತು. ಕಲೆಯ ಚಿಕಿತ್ಸೆಗಳೆಲ್ಲ ಕಲೆಯ ಈ ಜೀವಂತಿಕೆಯನ್ನೇ ನಂಬಿವೆ.

ಹೊಸ ಕಲೆಯು ಮೊದಲ ಕೆಲವು ತಿಂಗಳು ಕೆಂಪಾಗಿ, ಉಬ್ಬಿ, ತುರಿಸುತ್ತಿರುವುದು. ಒಂದೆರಡು ವರ್ಷಗಳಲ್ಲಿ ಅದು ತಾನೇ ಮೆದುವಾಗಿ ಮಸುಕಾಗುವುದುಂಟು. ಮೊದಲ ತಿಂಗಳಲ್ಲಿ ಮುಲಾಮು ಹಚ್ಚಿದವನು ಈ ಸ್ವಾಭಾವಿಕ ಇಳಿತವನ್ನು ಮುಲಾಮಿನ ಗುಣವೆಂದೇ ಎಣಿಸುವನು. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಉಬ್ಬಿದ ಕಲೆಗೆ ಸಿಲಿಕೋನಿನ ತೆಳು ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ, ತಿಂಗಳುಗಟ್ಟಲೆ, ಅಂಟಿಸಿಡುವುದು ಸುಲಭೋಪಾಯ. ಆಲೆಮನೆಯ ಕುದಿಯುವ ಕಬ್ಬಿನ ಹಾಲು ಬಿದ್ದಂಥ ದೊಡ್ಡ ಸುಟ್ಟಗಾಯಗಳು ಮಾಯ್ದ ಮೇಲೆ ಮೈಗೆ ಬಿಗಿಯಾದ ವಿಶೇಷ ಉಡುಪನ್ನು ತೊಡಿಸುವರು. ಕೀಲಿನ ಮೇಲಣ ಕಲೆ ಬಿಗಿದು ಕೈ ಮಡಿಸಲಾಗದಿದ್ದರೆ ಶಸ್ತ್ರವೈದ್ಯರು ಚರ್ಮವನ್ನು ಅಂಕುಡೊಂಕಾಗಿ ಕೊಯ್ದು, ಅದರ ಎಳೆತದ ದಿಕ್ಕನ್ನೇ ತಿರುಗಿಸುವರು.

ಕೀಲಾಯ್ಡ್ ಎಂಬ ಜಾತಿಯದು ಬೇರೆಯೇ ಹಟ. ಗಾಯದ ಎಲ್ಲೆಯನ್ನು ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಅದು ಹಬ್ಬುವುದು. ಫ್ರೆಂಚ್ ವೈದ್ಯ ಅಲಿಬೇರ್ ಏಡಿಯ ಕೊಂಡಿಯನ್ನು ನೆನೆದು ಅದಕ್ಕೆ ಹೆಸರಿಟ್ಟನು. ಕಪ್ಪು ಮತ್ತು ಕಂದು ಚರ್ಮದವರಲ್ಲಿ ಇದು ಹೆಚ್ಚು. ಎದೆ, ಭುಜ, ಕಿವಿಯ ಹಾಲೆ ಅದಕ್ಕೆ ಪ್ರಿಯವಾದ ನೆಲೆಗಳು. ಕಿವಿ ಚುಚ್ಚಿಸಿದ ಹುಡುಗಿಯ ಹಾಲೆಯಲ್ಲಿ ಗೋಲಿಯಂಥ ಗಡ್ಡೆ ಬೆಳೆಯುವುದನ್ನು ನೀವೂ ಕಂಡಿರಬಹುದು. ಕೊಯ್ದು ತೆಗೆದರಾಯಿತೆಂದು ತೋರುವುದು ಸಹಜ. ಆದರೆ ಬರಿಯ ಕೊಯ್ತದ ತರುವಾಯ ಬಹಳ ಮಂದಿಯಲ್ಲಿ ಅದು ಮರಳಿ ಬರುವುದು, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಆದುದರಿಂದ ಗಡ್ಡೆಯೊಳಕ್ಕೇ ಸ್ಟಿರಾಯ್ಡ್ ಮದ್ದನ್ನು ಕೆಲವು ವಾರಗಳಿಗೊಮ್ಮೆ ಚುಚ್ಚುವರು. ಶಸ್ತ್ರಕ್ರಿಯೆ ಮಾಡಿದರೂ ಅದರೊಡನೆ ಚುಚ್ಚುಮದ್ದು ಅಥವಾ ವಿಕಿರಣವನ್ನು ಸೇರಿಸುವರು.

ಮೊಡವೆಯ ಹಳ್ಳಗಳಲ್ಲಿ ಸಮಸ್ಯೆ ತಿರುಗುಮುರುಗು: ಅಲ್ಲಿ ಕೊಲಾಜನ್ ಕಡಮೆ ಬಿದ್ದಿದೆ. ಸಣ್ಣ ಸೂಜಿಗಳಿಂದ ಅಥವಾ ಲೇಸರ್ ಕಿರಣದಿಂದ ಚರ್ಮದಲ್ಲಿ ಸಾವಿರಾರು ಕಿರುಗಾಯಗಳನ್ನು ಮಾಡಿ, ದೇಹವೇ ಹೊಸ ಎಳೆ ಹಾಸುವಂತೆ ಮಾಡುವರು. ಹಳ್ಳ ಕಡಮೆಯಾಗುವುದು, ಮಾಯವಾಗದು. ನಮ್ಮ ಚರ್ಮಕ್ಕೆ ಲೇಸರಿನ ಶಾಖ ಮಿತಿಮೀರಿದರೆ ಕಪ್ಪು ಛಾಯೆ ಹತ್ತುವ ಅಪಾಯವೂ ಇದೆ. ಇನ್ನು ಹಳ್ಳವಿಲ್ಲದ ಬರಿಯ ಕಪ್ಪು ಚುಕ್ಕೆ ನಿಜವಾಗಿ ಕಲೆಯೇ ಅಲ್ಲ. ಅದು ಬಣ್ಣದ ಶೇಷ. ಮೊಡವೆ ಹಿಚುಕದೆ, ಬಿಸಿಲಿನಿಂದ ಮುಖ ಕಾಪಾಡಿಕೊಂಡರೆ ತಿಂಗಳುಗಳಲ್ಲಿ ಬಹುಪಾಲು ತಿಳಿಯಾಗುವುದು. ಇದಕ್ಕೆಂದು ವೈದ್ಯರ ಚೀಟಿಯಿಲ್ಲದೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚುವವರನ್ನು ಕಂಡರೆ ನಮಗೆ ಕಳವಳವಾಗುತ್ತದೆ. ಮೊದಲ ವಾರ ಮುಖ ಹೊಳೆಯುವುದು. ಬರಬರುತ್ತ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪಗೆ ಎದ್ದು ಕಾಣುವುವು, ಮೊಡವೆಯೂ ಹೆಚ್ಚುವುದು.

ನಿಪ್ಪಾಣಿಯ ಹೆಸರನ್ನು ದೂರಕ್ಕೆ ಒಯ್ದ ತಂಬಾಕಿಗೂ ಕಲೆಗೂ ನಂಟುಂಟು. ಹೊಗೆಯೊಡನೆ ಒಳಸೇರುವ ನಿಕೋಟಿನ್ ಚರ್ಮದ ಕಿರುನಾಳಗಳನ್ನು ಸಂಕೋಚಗೊಳಿಸುವುದು. ಇಂಗಾಲದ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿಯುವುದು. ಎಳೆ ಹಾಸುವ ಕೋಶಗಳಿಗೆ ಉಸಿರೇ ಸಾಲದು. ಗಾಯ ತಡವಾಗಿ ಮಾಯುವುದು, ಹೊಲಿಗೆ ಬಿಡುವುದೂ ಉಂಟು. ಆದುದರಿಂದಲೇ ಕಲೆಯನ್ನು ತಿದ್ದಿಸಿಕೊಳ್ಳಲು ಬಂದವನು ಬೀಡಿ ಸೇದುವವನಾದರೆ, ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮುಂಚೆಯೇ ಅದನ್ನು ಬಿಟ್ಟು ಬರುವಂತೆ ವೈದ್ಯರು ಹೇಳುವರು.