ಹುಡುಗರು ಮಲಗುವ ರೂಮಿನ ಅಗ್ನಿ ಸುರಕ್ಷತೆ

ಹೋಟೆಲಿನ ಅಗ್ನಿಶಾಮಕ ದಳದ ಎನ್‌ಒಸಿ, ಸಿಲಿಂಡರ್ ಇಡುವ ಜಾಗ, ಚಿಮಣಿಯ ಡಕ್ಟ್ ಇವುಗಳ ಬಗ್ಗೆ ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾದ್ದು ಹೆಚ್ಚಿಲ್ಲ. ಲೈಸೆನ್ಸ್ ನವೀಕರಣದ ಸಮಯದಲ್ಲಿ ಇವೆಲ್ಲ ತಾವಾಗಿಯೇ ನೆನಪಾಗುತ್ತವೆ. ಆದರೆ ರಾತ್ರಿ ಶಟರ್ ಎಳೆದ ಮೇಲೆ ನಮ್ಮ ಹುಡುಗರು ಹೋಗಿ ಮಲಗುವ ಬಾಡಿಗೆ ರೂಮನ್ನು ಪರಿಶೀಲಿಸಲು ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಆ ಕಾರಣದಿಂದಲೇ ಈ ಸಲ ಆ ರೂಮಿನ ವಿಷಯವನ್ನು ಎತ್ತಿಕೊಂಡಿದ್ದೇವೆ.

ಹಿಂದೆ ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ರೂಮಿನ ಪ್ರಶ್ನೆಯೇ ಇರಲಿಲ್ಲ. ಊರಿನಿಂದ ಬಂದ ಹುಡುಗ ಹಗಲು ಕೆಲಸ ಮಾಡಿ, ಸಂಜೆ ರಾತ್ರಿ ಶಾಲೆಗೆ ಹೋಗಿ ಬಂದು, ಟೇಬಲ್ ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದ. ಇಂದು ದೊಡ್ಡ ಸ್ಥಾನದಲ್ಲಿರುವ ಹಲವರು ಹಾಗೆಯೇ ಮೇಲೆ ಬಂದವರು. ಆ ಕಾಲವನ್ನು ಹೆಮ್ಮೆಯಿಂದ ನೆನೆಯುವುದು ಸರಿ. ಆದರೆ ಅದನ್ನೇ ಇಂದಿಗೂ ನೆಪ ಮಾಡಿಕೊಳ್ಳುವುದು ಸರಿಯಲ್ಲ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರಸ್ತೆಯಲ್ಲಿ ಫರ್ಸಾನ್ ತಯಾರಿಸುವ ಅಂಗಡಿಯೊಂದಕ್ಕೆ ಬೆಂಕಿ ಬಿತ್ತು. ಒಳಗೇ ಮಲಗಿದ್ದ 12 ಮಂದಿ ಕೆಲಸಗಾರರು ಸತ್ತರು. ಎಣ್ಣೆ, ಗ್ಯಾಸು, ಹಿಟ್ಟಿನ ಮೂಟೆ ಇರುವ ಜಾಗದ ಮೇಲೆ ಮಾಳಾ ಕಟ್ಟಿ ಮನುಷ್ಯರನ್ನು ಮಲಗಿಸಿದರೆ ಕೆಳಗಿಳಿಯುವ ಒಂದೇ ದಾರಿ ಬೆಂಕಿಯ ನಡುವೆಯೇ ಇರುತ್ತದೆ. ಇನ್ನೂ ಯಾರಾದರೂ ಹೋಟೆಲಿನ ಮಾಳಾದಲ್ಲಿ ಹುಡುಗರನ್ನು ಮಲಗಿಸುತ್ತಿದ್ದರೆ ಇಂದೇ ನಿಲ್ಲಿಸಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ರೂಮು ಬಾಡಿಗೆಗೆ ಹಿಡಿದವರ ವಿಷಯಕ್ಕೆ ಬರೋಣ. ಚಾಳಿನ ಖೋಲಿಯೋ, ಸೊಸೈಟಿಯ ಒನ್ ಬಿಎಚ್‌ಕೆಯೋ, ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡಿ ಹತ್ತು-ಹನ್ನೆರಡು ಜನರನ್ನು ಇಡುತ್ತೇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ವಾಸದ ಕಟ್ಟಡಗಳೆಲ್ಲ 'ಎ' ಗುಂಪಿಗೆ ಸೇರುತ್ತವೆ. ಆದರೆ ಅದರೊಳಗೆ ಕುಟುಂಬಗಳು ಇರುವ ಫ್ಲ್ಯಾಟುಗಳೇ ಒಂದು ವರ್ಗ, ಡಾರ್ಮಿಟರಿಯೇ ಬೇರೊಂದು ವರ್ಗ. ಒಂದೇ ಕೋಣೆಯಲ್ಲಿ ಸಂಬಂಧವಿಲ್ಲದ ಹಲವರು ಒಟ್ಟಿಗೆ ಮಲಗುವ ಕಡೆ ಅಪಾಯ ಹೆಚ್ಚೆಂದೇ ಈ ವ್ಯತ್ಯಾಸ. ಕರಾರಿನಲ್ಲಿ ಏನೇ ಬರೆದಿರಲಿ, ಹನ್ನೆರಡು ಹಾಸಿಗೆ ಹಾಸಿದ ಫ್ಲ್ಯಾಟು ನಿಜಕ್ಕೂ ಡಾರ್ಮಿಟರಿಯೇ.

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷಾ ಕಾಯ್ದೆ ಇದೆ. ಅದರ ಅನುಸೂಚಿಗೆ ಸೇರುವ ಕಟ್ಟಡಗಳಲ್ಲಿ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಲೈಸೆನ್ಸ್ ಪಡೆದ ಏಜೆನ್ಸಿಯಿಂದ ಪ್ರತಿ ಜನವರಿ ಮತ್ತು ಜುಲೈಯಲ್ಲಿ 'ಬಿ' ಫಾರ್ಮ್ ಪಡೆದು ಸಲ್ಲಿಸಬೇಕು. ಫ್ಲ್ಯಾಟ್ ಹಿಡಿಯುವ ಮೊದಲು ಸೊಸೈಟಿಯ ಕಾರ್ಯದರ್ಶಿಯಲ್ಲಿ ಈ ಫಾರ್ಮ್ ಕೇಳಿ ನೋಡಿ. ಅಷ್ಟರಿಂದಲೇ ಸಮಾಧಾನಪಟ್ಟುಕೊಳ್ಳಬೇಡಿ. ಏಜೆನ್ಸಿಯವರು ಮೇಲೆ ಹತ್ತಿಯೇ ನೋಡದೆ ಸಹಿ ಹಾಕಿದ ಫಾರ್ಮುಗಳೂ ಇರುತ್ತವೆ. ಐದು ನಿಮಿಷ ಮೆಟ್ಟಿಲು ಹತ್ತಿ, ಹೋಸ್ ಪೆಟ್ಟಿಗೆಯಲ್ಲಿ ಪೈಪು ಇದೆಯೇ ಅಥವಾ ಪೊರಕೆ ಇದೆಯೇ ಎಂದು ನೀವೇ ತೆರೆದು ನೋಡುವುದು ಲೇಸು. ಪುಣೆಯ ಸದಸ್ಯರಿಗೂ ಇದೇ ಕಾಯ್ದೆ. ಚೆನ್ನೈ, ಹೈದರಾಬಾದ್, ದಿಲ್ಲಿಯವರು ತಮ್ಮ ರಾಜ್ಯದ ನಿಯಮಗಳನ್ನು ಸ್ಥಳೀಯ ಠಾಣೆಯಲ್ಲಿ ವಿಚಾರಿಸಿಕೊಳ್ಳಬೇಕು.

ಇನ್ನು ಬಾಗಿಲಿನ ಮಾತು. ನಮ್ಮ ಹುಡುಗರ ಕೆಲಸ ಎರಡು ಪಾಳಿಯದ್ದು. ಬೆಳಿಗ್ಗೆ ಐದಕ್ಕೆ ಹೋಗುವವನು, ಕಳ್ಳರ ಭಯಕ್ಕೋ ಮಲಗಿದವರನ್ನು ಎಬ್ಬಿಸುವುದು ಬೇಡವೆಂದೋ, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದು ಹೋಗುವುದುಂಟು. ಒಳಗೆ ಆರು ಜನ ಮಲಗಿರುತ್ತಾರೆ. ಕಿಟಕಿಗೆ ಕಬ್ಬಿಣದ ಗ್ರಿಲ್. ಇದಕ್ಕಿಂತ ದೊಡ್ಡ ಅಪಾಯ ಆ ರೂಮಿನಲ್ಲಿ ಇನ್ನೊಂದಿಲ್ಲ, ಸಿಲಿಂಡರ್ ಕೂಡ ಅಲ್ಲ. ಹೊರಗಿನ ಚಿಲಕವನ್ನು ಕಿತ್ತೇ ತೆಗೆಸಿ. ಹೊರಗಿನಿಂದ ಕೀಲಿಕೈ ಬೇಕಾಗುವ, ಒಳಗಿನಿಂದ ಕೈಯಲ್ಲೇ ತಿರುಗಿಸಿ ತೆರೆಯುವ ನೈಟ್ ಲ್ಯಾಚ್ ಹಾಕಿಸಿ. ಗ್ರಿಲ್ಲಿನ ಒಂದು ಭಾಗವನ್ನು ತೆರೆಯುವಂತೆ ಮಾಡಿಸಲು ಮನೆ ಮಾಲಕರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಬೇರೆ ರೂಮು ನೋಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಸಾಯಿಸುವುದು ಹೆಚ್ಚಾಗಿ ಬೆಂಕಿಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ದಣಿದು ಮಲಗಿದವನನ್ನು ಅದು ಎಬ್ಬಿಸದೆಯೇ ಮುಗಿಸಿಬಿಡುತ್ತದೆ. ಬ್ಯಾಟರಿಯ ಸ್ಮೋಕ್ ಅಲಾರ್ಮ್ ಒಂದನ್ನು ಮಲಗುವ ಕೋಣೆಯ ಸೂರಿಗೆ ಹಾಕಿಸಿದರೆ ಅದು ಎಬ್ಬಿಸುತ್ತದೆ. 2023ರ ಅಕ್ಟೋಬರ್ 6ರಂದು ಗೋರೆಗಾಂವಿನ ವಸತಿ ಕಟ್ಟಡವೊಂದರಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ಏರಿ ಜೀವ ತೆಗೆಯಿತು. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕಾರ್ಮಿಕರ ಬಾಡಿಗೆ ಕಟ್ಟಡ ಹೊತ್ತಿದಾಗ ಸತ್ತ ಭಾರತೀಯರಲ್ಲಿ ನಮ್ಮ ಕಲಬುರಗಿಯವರೂ ಒಬ್ಬರಿದ್ದರು. ಮೇಲಿನ ಟೆರೇಸಿನ ಬಾಗಿಲಿಗೆ ಬೀಗ ಇತ್ತೆಂದು ಆಗ ವರದಿಯಾಗಿತ್ತು.

ಹಾಗಾಗಿ ಹುಡುಗರಿಗೆ ಇಷ್ಟನ್ನು ಕಲಿಸಿಡಬೇಕು. ಬಾಗಿಲು ತೆರೆಯುವ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ ನೋಡುವುದು. ಮೆಟ್ಟಿಲಿನಲ್ಲಿ ಹೊಗೆ ಇಲ್ಲದಿದ್ದರೆ ಕೂಡಲೇ ಕೆಳಗಿಳಿಯುವುದು, ಲಿಫ್ಟ್ ಬೇಡ, ಚೀಲಕ್ಕಾಗಿ ಹಿಂದಿರುಗುವುದು ಬೇಡ. ಮೆಟ್ಟಿಲಿನಲ್ಲಿ ದಟ್ಟ ಹೊಗೆ ತುಂಬಿದ್ದರೆ ಅದರೊಳಗೆ ನುಗ್ಗದೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ ಕೂಗುವುದು. ಬೆಂಕಿ ತಮ್ಮ ರೂಮಿನದ್ದೇ ಆದರೆ ಮಾತ್ರ, ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಹೋಟೆಲಿಗೆ ರಜೆ ಇರುವ ದಿನ ಒಮ್ಮೆ ಇದನ್ನು ಮಾಡಿಸಿ ನೋಡಿ. ಹುಡುಗರು ನಗುತ್ತಾರೆ, ನಗಲಿ.

ವೈರಿಂಗಿನ ಬಗ್ಗೆ ಬಹಳ ಹೇಳುವುದಿಲ್ಲ. ಹತ್ತು ಮೊಬೈಲು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ, ಅದೂ ಹಾಸಿಗೆಯ ಮೇಲೆ ಚಾರ್ಜಿಗೆ ಇರುತ್ತವೆ. ನೀರು ಕಾಯಿಸುವ ರಾಡ್ ಬಕೆಟ್ಟಿನಲ್ಲೇ ಮರೆತುಹೋಗುತ್ತದೆ. ಎಂಸಿಬಿ, ಇಎಲ್‌ಸಿಬಿ ಹಾಕಿಸಿ, ಚಾರ್ಜಿಂಗಿಗೆ ಗೋಡೆಯ ಮೇಲೊಂದು ಹಲಗೆ ಮಾಡಿಸಿ. ಪಾರ್ಸೆಲ್ ಹುಡುಗನ ಬ್ಯಾಟರಿ ಸ್ಕೂಟರನ್ನು ಮೆಟ್ಟಿಲ ಕೆಳಗೆ ಚಾರ್ಜಿಗೆ ಇಡುವುದು ಈಚಿನ ಹೊಸ ಪಿಡುಗು. ಅದು ಹೊತ್ತಿದರೆ ಎಲ್ಲರ ದಾರಿಯೂ ಮುಚ್ಚಿತು. ಹೋಟೆಲಿನ ಹೆಚ್ಚುವರಿ ಸಿಲಿಂಡರನ್ನು ರೂಮಿನಲ್ಲಿ ಇಡಲೇಬಾರದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹುಡುಗರು ಮಲಗಿರುವ ನೆಲದಲ್ಲೇ ಹರಡಿಕೊಳ್ಳುತ್ತದೆ. ಸೋರಿಕೆಯ ವಾಸನೆ ಬಂದಾಗ ಸ್ವಿಚ್ ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. 1906ಕ್ಕೆ ಫೋನ್ ಮಾಡಬೇಕು.

ವಿಮೆಯ ಬಗ್ಗೆಯೂ ಒಂದು ಮಾತು. ಹೋಟೆಲಿನ ಅಗ್ನಿ ವಿಮೆ ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ ಮಾತ್ರ ಅನ್ವಯಿಸುತ್ತದೆ. ರೂಮಿನ ವಿಳಾಸ ಅದರಲ್ಲಿ ಇದೆಯೇ, ಹುಡುಗರ ಜೀವಕ್ಕೆ ಬೇರೆ ಪಾಲಿಸಿ ಬೇಕೇ ಎಂದು ನಿಮ್ಮ ಏಜೆಂಟರಲ್ಲಿ ಲಿಖಿತವಾಗಿ ಕೇಳಿ.

ಕಡೆಯದಾಗಿ, 101ಕ್ಕೋ 112ಕ್ಕೋ ಫೋನ್ ಮಾಡಿದಾಗ ಅವರು ಕೇಳುವ ಮೊದಲ ಪ್ರಶ್ನೆ ವಿಳಾಸ. ಇಂದು ನಮ್ಮಲ್ಲಿ ಊರಿನ ಹುಡುಗರು ಕಡಿಮೆ. ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳದವರೇ ಹೆಚ್ಚು. ಅವರಿಗೆ ಗೊತ್ತಿರುವುದು 'ಸೇಠ್‌ನ ರೂಮು' ಎಂದಷ್ಟೇ. ಕಟ್ಟಡದ ಹೆಸರು, ಮಹಡಿ, ಗಲ್ಲಿ, ಹತ್ತಿರದ ಗುರುತು ಇಷ್ಟನ್ನು ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲಿನ ಒಳಬದಿಗೆ ಅಂಟಿಸಿ, ಕೆಳಗೆ ನಿಮ್ಮ ಮೊಬೈಲ್ ನಂಬರನ್ನೂ ಹಾಕಿ.